ಕಲ್ಲುತಾವರೆ ಕೆಂಪಾದದ್ದು

ಮೊಟ್ಟೆ ಇಡುವ ಕೋಳಿ ಒಂದು, ಅವರೆಕಾಳು ಎರಡು ಸೇರು, ಹೊಸೂರಿಂದ ಬೇರಿಕೆವರೆಗೆ ಗಾಡಿಯ ಕುಲುಕಾಟದಲ್ಲಿ ಮಡಿಲಲ್ಲಿಟ್ಟುಕೊಂಡು ತಂದ ಸೊಂಟನೋವು ಬೇರೆ, ಇಷ್ಟು ತೆತ್ತು ಸಾಕಿದ ಕಲ್ಲುತಾವರೆ ಗಿಡದ ಒಂದು ಮಗ್ಗುಲು ಬೋಳಾಗಿದೆಯಲ್ಲ, ತಿಂದವರ ಬಾಯಿಗೆ ಮಣ್ಣು ಬೀಳ, ಹೆಗ್ಗಣವೋ, ಪಕ್ಕದ ಮನೆ ರಾಮಕ್ಕನ ಮೇಕೆಯೋ — ಮೇಕೆ ಹೇಗೆ ಬಂದೀತು, ಬೆಳಗಿನ ಮಂಜು ತಾಗಬಾರದೆಂದು ರಾತ್ರಿಯೇ ಮಣ್ಣಿನ ಚಟ್ಟಿಯನ್ನು ಒಳಗೆ ತಂದು ಬಾಣಂತಿ ಕೋಣೆಯ ಹೊಸಿಲ ಪಕ್ಕ ಇಟ್ಟದ್ದು ತಾನೇ, ತಲೆಬಾಗಿಲು ಹಾಕಿದ್ದೂ ತಾನೇ. ಪಾಪಮ್ಮ ಕುಕ್ಕರುಗಾಲಲ್ಲಿ ಕೂತು ಚಟ್ಟಿಯನ್ನು ಬೆಳಕಿಗೆ ತಿರುಗಿಸಿದಳು, ದಪ್ಪ ದಪ್ಪ ಎಲೆ, ಸುತ್ತಿನೊಳಗೆ ಸುತ್ತು, ಅಂಚಿಗೆಲ್ಲ ಕುಂಕುಮ ಸವರಿದ ಹಾಗೆ, ಬೀದಿಯವರೆಲ್ಲ ನಿಂತು ನೋಡಿ ಹೋಗುತ್ತಾರೆ, ಇಂಥದ್ದು ಇನ್ನೊಬ್ಬರ ಜಗಲಿಯಲ್ಲಿ ಇದೆಯೇ, ಇಲ್ಲ — ಯುದ್ಧ ಮುಗಿದು ಹೊಸೂರಿನ ಬಿಳಿ ದೊರೆ ಸೀಮೆಗೆ ಹೊರಟಾಗ ಅವನ ಬಂಗಲೆಯ ತೋಟಗಾರ ಚಿನ್ನಸ್ವಾಮಿ ಕುಂಡಗಳನ್ನೆಲ್ಲ ಸಿಕ್ಕವರಿಗೆ ಮಾರಿಕೊಂಡಿದ್ದ, ಅಕ್ಕಾ, ತಣ್ಣಿ ಮಾತ್ರ ಜಾಸ್ತಿ ಹಾಕ್ಬ್ಯಾಡಿ, ಹಾಕಿದ್ರೆ ಬರೀ ಹಸುರು, ಆಮೇಲೆ ಕೊಳ್ತೋಗ್ತದೆ, ಚೆನ್ನಾಗಿ ಬಾಯಾರ್ಸಿ, ಬಿಸಿಲಿಗಿಡಿ, ಆಗ ನೋಡಿ ಬಣ್ಣ, ಅಂದಿದ್ದ. ಸುಳ್ಳಲ್ಲ, ಹಳ್ಳದ ಮರಳು, ಪುಡಿ ಹೆಂಚು, ಯಾವಾಗಲೋ ಒಮ್ಮೆ ಒಂದು ಬೊಗಸೆ ನೀರು, ಅಷ್ಟಕ್ಕೇ ಈ ಕೆಂಪು, ಮುದ್ದು ಮಾಡಿದ್ದರೆ ಸೊಪ್ಪಿನ ಹಾಗೆ ಬಿದ್ದಿರುತ್ತಿತ್ತು. ಸೊಸೆ ಕನಕಮ್ಮನಿಗೂ ಇದನ್ನೇ ಹೇಳಿದ್ದು, ಬಾಣಂತಿ ನೀರು ಕುಡಿದರೆ ಹೊಟ್ಟೆ ಉಬ್ಬುತ್ತದೆ, ಮಗುವಿಗೆ ಶೀತ, ಮೆಣಸಿನ ಸಾರು ಇದೆ, ಒಣ ಅನ್ನ ಇದೆ, ಸಾಕು. ಅತ್ತೇ ಒಂದು ಗುಟುಕು, ಒಂದೇ ಗುಟುಕು. ಮಗ ಮುನಿಶಾಮಪ್ಪ ಬೇರೆ ಬಂದ, ಯವ್ವಾ ಒಂದು ಲೋಟ ಕೊಡು, ನಾಲ್ಗೆ ಒಣಗೋಗದೆ ಅವಳ್ಗೆ. ನೀನೆಷ್ಟು ಹೆತ್ತಿದ್ದೀಯಲಾ ಬಾಣಂತಿ ಸಂಗ್ತಿ ಹೇಳಾಕೆ, ಹೋಗು, ಎತ್ತಿಗೆ ನೀರು ತೋರ್ಸೋಗು! ಬಾಲ ಮುದುರಿ ಹೋದ, ಅಪ್ಪನ ಹಾಗೇ. ಆಮೇಲೆ ನೀರಿನ ಗಡಿಗೆಯಿದ್ದ ಅಡುಗೆಮನೆಗೆ ಚಿಲಕ ಹಾಕಿ ಅದರ ಮುಂದೆಯೇ ಚಾಪೆ ಹಾಸಿಕೊಂಡು ಮಲಗಿದಳು, ಗಂಡಸರ ಮನಸ್ಸು ಕರಗಲು ಎಷ್ಟು ಹೊತ್ತು.

ಎಲೆ ಕಿತ್ತಿಲ್ಲ, ಕಚ್ಚಿದ್ದು, ಹೆಗ್ಗಣ ಕಚ್ಚಿದರೆ ಕೆರೆದ ಹಾಗಿರುತ್ತದೆ, ಇದು ಅಗಲ — ಪಾಪಮ್ಮ ಆ ಗುರುತಿನ ಮೇಲೆ ಹೆಬ್ಬೆರಳಿಟ್ಟಳು, ಇನ್ನೂ ಅಂಟಂಟು, ತೆಗೆದಳು, ಮತ್ತೆ ಇಟ್ಟಳು. ತಾನೂ ಹೆತ್ತವಳೇ, ಮೈ ಒರೆಸಿದ ಒದ್ದೆ ಬಟ್ಟೆಯನ್ನು ಸೆರಗಿನ ಮರೆಯಲ್ಲಿ ಚೀಪಿದವಳೇ, ಅತ್ತೆ ನೋಡಿ ಸೌಟು ಕಾಯಿಸಿ ತೊಡೆಗೆ ಇಟ್ಟಿದ್ದಳು, ಅದರಿಂದಲೇ ಗಟ್ಟಿಯಾದದ್ದು, ಸಾಯಲಿಲ್ಲವಲ್ಲ. ನಿನ್ನೆ ಕನಕಮ್ಮನ ಎದುರೇ ಗಿಡಕ್ಕೆ ಬೊಗಸೆ ನೀರು ಬಿಟ್ಟಾಗ ಹುಡುಗಿಯ ಕಣ್ಣು ನೀರಿನ ಜೊತೆಗೇ ಮರಳೊಳಕ್ಕೆ ಇಳಿಯಿತು, ಅದ್ಕೆ ಕೊಟ್ರಲ್ಲತ್ತೆ. ಅದೇನು ಹೆತ್ತು ಮಲಗೈತೇನೇ. ನೋಡಲು ಬಂದು ಕೂತಿದ್ದ ರಾಮಕ್ಕ ಕೂಡ ನಕ್ಕಳು, ತಾನೂ ನಕ್ಕಳು. ಹೆತ್ತಾಗ ಸುಣ್ಣದ ಹಾಗಿದ್ದ ಮುಖ ಮೊನ್ನೆಯಿಂದ ಕೆಂಪೇರಿದೆ, ಕೆನ್ನೆ ಕೆಂಪು, ತುಟಿ ಕೆಂಪು, ಮುಟ್ಟಿದರೆ ಕೆಂಡ, ನೋಡ್ಲಾ ಬಣ್ಣ ಬಂತು ಅಂದಿದ್ದಳು ಮಗನಿಗೆ — ಕಳ್ಳಿ, ಕೋಳಿ ಕೊಟ್ಟು ತಂದದ್ದನ್ನು ತಿಂದಳೇ, ಹಲ್ಲು ಉದುರಿಸುತ್ತೇನೆ, ಎದ್ದೇಳೇ, ಎದ್ದೇಳೇ ಕನಕಾ, ಮಗು ಕಿರುಚ್ತಾ ಐತೆ ಕೇಳಿಸ್ತಾ ಇಲ್ವಾ. ಹೊಸಿಲು ದಾಟಿ ಹೋಗಿ ಗಲ್ಲ ಹಿಡಿದು ತಿರುಗಿಸಿದಳು, ಕೆಂಡದ ಹಾಗಿದ್ದ ಮೈ ತಣ್ಣಗಿತ್ತು, ತುಟಿಯ ಸಂದಿಯಲ್ಲಿ ಎಲೆಯ ಸಿಪ್ಪೆ.

ಕೂಗು ಕೇಳಿ ರಾಮಕ್ಕ ಬಂದಳು, ಮಗ ಕೊಟ್ಟಿಗೆಯಿಂದ ಓಡಿಬಂದು ಬಾಗಿಲಲ್ಲೇ ನಿಂತ, ರಾಮಕ್ಕ ಎದೆಗೆ ಕಿವಿ ಇಟ್ಟು, ಒಂಚೂರು ಜೀವ ಐತೇನೋ ಕಣೇ, ಬಾಯಿಗೆ ನೀರು ಬಿಡು ಪಾಪಮ್ಮ, ನೀನೇ ದೊಡ್ಡೋಳು, ಬಿಡು. ನೀರೇ? ಅಡುಗೆಮನೆಯ ಚಿಲಕ ತೆಗೆಯಲು ಕೈ ಬರಲಿಲ್ಲ, ಮಗ ಬಾಗಿಲನ್ನೇ ಒದ್ದು ತೆರೆದ, ಗಡಿಗೆಯಿಂದ ಚೆಂಬು ತುಂಬ ಮೊಗೆದು ತಂದು ತುಟಿ ಬಿಡಿಸಿ ಬಿಟ್ಟಳು — ಶೀತ ಆಗ್ತದೆ ಅಂದಳು, ಯಾರಿಗೆ ಅಂದಳೋ — ಗಂಟಲು ಅಲ್ಲಾಡಲಿಲ್ಲ, ನೀರು ಕಟವಾಯಿಯಿಂದ ಇಳಿದು ಕೊರಳು ನೆನೆಯಿತು, ರವಿಕೆ ನೆನೆಯಿತು, ಸಾಕು ಬಿಡೇ ಅಂದಳು ರಾಮಕ್ಕ, ಪಾಪಮ್ಮ ಬಿಡಲಿಲ್ಲ, ಕುಡಿಯೇ, ಕುಡ್ಕೊಳ್ಳೇ, ಮತ್ತೆ ಬಗ್ಗಿಸಿದಳು, ಮತ್ತೆ ಕಟವಾಯಿಯಿಂದ ಇಳಿಯಿತು, ಮತ್ತೆ. ಕೂಸು ಉಳಿಯಿತು, ತಾಯಿ ಹೋದಳು. ಚೆಂಬಿನಷ್ಟೂ ನೀರು ಚಾಪೆಗೆ ಹೋಯಿತು, ಒಂದು ಗುಟುಕೂ ಒಳಗೆ ಇಳಿಯಲಿಲ್ಲ.