ಮೂರು ದಿನ ತಡವಾದ ಸಹಿ

ನನ್ನ ಗಂಡನಿಗೆ ಲೇತ್ ಯಂತ್ರವೇ ಮೊದಲನೆಯ ಹೆಂಡತಿ, ನಾನು ಎರಡನೆಯವಳು. ಮೂವತ್ತು ವರ್ಷದಿಂದ ಹೀಗೆಂದು ಛೇಡಿಸುತ್ತಾ ಬಂದಿದ್ದೇನೆ. ಆ ಸವತಿಯನ್ನು ಮಾರಲು ಅವರು ಒಪ್ಪಿದ್ದು ತಮ್ಮ ಕಣ್ಣಿಗಾಗಿ. ಎಡಗಣ್ಣು ಆಗಲೇ ಹೋಗಿತ್ತು; ಅದಕ್ಕಾಗಿ ನನ್ನ ಬಳೆ, ಸರವೂ ಹೋಗಿದ್ದವು. ಬಲಗಣ್ಣಿಗೆ ತಿಂಗಳೊಳಗೆ ಆಪರೇಷನ್ ಆಗದಿದ್ದರೆ ಅದೂ ಉಳಿಯುವುದಿಲ್ಲವೆಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು.

ಇವರ ವರ್ಕ್‌ಶಾಪನ್ನು ಲೇತ್ ಸಮೇತ ಒಂದು ಪಂಪ್ ಕಂಪನಿ ಕೊಂಡಿತು. ದುಡ್ಡು ನೇರವಾಗಿ ನಮ್ಮ ಕೈಗೆ ಬರಲಿಲ್ಲ. ಎಸ್ಕ್ರೋ ಖಾತೆಯಂತೆ; ಬ್ಯಾಂಕು ನಡುವೆ ನಿಂತು ಇಟ್ಟುಕೊಂಡಿರುತ್ತದೆ. ಯಂತ್ರ ಒಪ್ಪಿಸಿದ್ದೇವೆಂಬ ಪತ್ರಕ್ಕೆ ಇವರು ಸಹಿ ಹಾಕಿ ಕೊಟ್ಟ ದಿನವೇ ನಮಗೆ ಬಿಡುತ್ತದೆ. ಸೋಮವಾರ ಪತ್ರ ಬಂತು. ಇವರು ಪೆನ್ನು ಮುಟ್ಟಲಿಲ್ಲ.

"ಲೇತು ತಿರುಗುವಾಗ ಒಂಚೂರು ಓಲಾಡ್ತಿದೆ ಕಣೇ. ಸರಿ ಮಾಡಿ ಕೊಡ್ತೀನಿ."

"ಕೊಂಡವರೇ ಕೇಳಿಲ್ಲ. ನಿಮಗ್ಯಾಕ್ರೀ ಇಲ್ಲದ ಉಸಾಬರಿ?"

"ಪತ್ರದಲ್ಲಿ ಸುಸ್ಥಿತಿಯಲ್ಲಿದೆ ಅಂತ ಬರೆದಿದ್ದಾರೆ. ಸುಳ್ಳಿಗೆ ಹೇಗೆ ಸಹಿ ಹಾಕ್ಲಿ?"

ಅದು ಕೂದಲೆಳೆಯಷ್ಟು ಓಲಾಟ. ಕಣ್ಣು ಮಂಜಾದವರಿಗೆ ಬೆರಳೇ ಗತಿ. ತಿರುಗಿಸಿ, ಮುಟ್ಟಿ, ಬಿಗಿದು, ಮತ್ತೆ ಮುಟ್ಟಿ ಮೂರು ದಿನ ಕಳೆದರು. ನನಗೆ ಮೈಯೆಲ್ಲ ಉರಿದುಹೋಯಿತು. ಬೈದುಕೊಳ್ಳುತ್ತಲೇ ಊಟದ ಡಬ್ಬಿ ಒಯ್ದು ಕೊಟ್ಟೆ.

ಗುರುವಾರ ಸಹಿ ಹಾಕಿದ ಪತ್ರ ಹಿಡಿದು ಬ್ಯಾಂಕಿಗೆ ಹೋದೆವು. ಮ್ಯಾನೇಜರು ತಲೆ ಎತ್ತಲಿಲ್ಲ.

"ಬೆಳಿಗ್ಗೆ ಕೋರ್ಟ್ ಆರ್ಡರ್ ಬಂತಮ್ಮ. ಪಂಪ್ ಕಂಪನಿ ಕಬ್ಬಿಣದವರಿಗೆ ಬಾಕಿ ಉಳಿಸಿಕೊಂಡಿತ್ತಂತೆ. ಅವರು ಕೇಸು ಹಾಕಿ ಕಂಪನಿ ದುಡ್ಡೆಲ್ಲ ತಡೆಹಿಡಿಸಿದ್ದಾರೆ. ಈ ಖಾತೇನೂ ಸೇರಿದೆ. ನೀವು ನಿನ್ನೆ ಬಂದಿದ್ರೆ ಕೊಟ್ಟುಬಿಡ್ತಿದ್ದೆ."

ಯಾರದೋ ಜಗಳದಲ್ಲಿ ನಮ್ಮ ಬಾಗಿಲಿಗೆ ಬೀಗ ಬಿತ್ತು. ನಾನು ಇವರ ಮುಖ ನೋಡಿದೆ. ಬೈಯುವುದು ಬಿಟ್ಟು ಪತ್ರ ಮಡಚಿ ಚೀಲಕ್ಕೆ ಹಾಕಿಕೊಂಡೆ.

ಅಲ್ಲಿಂದ ನೇರ ಹೋಗಿ ಕಂಡ ವಕೀಲರು ಸಮಾಧಾನ ಹೇಳಿದರು. "ನಿಮ್ಮ ದುಡ್ಡು ಎಲ್ಲೂ ಹೋಗಲ್ಲ. ಭದ್ರವಾಗಿದೆ."

"ದುಡ್ಡು ಹೋಗಲ್ಲ ಸ್ವಾಮಿ," ಎಂದೆ. "ಕಣ್ಣು ಹೋಗುತ್ತೆ."

ಡಾಕ್ಟರ ಚೀಟಿ ಸೇರಿಸಿ, ದುಡ್ಡು ಬೇಗ ಬಿಡಿಸಿಕೊಡಿ ಎಂದು ಕೋರ್ಟಿಗೆ ಅರ್ಜಿ ಹಾಕಿದರು. ಮೊದಲ ದಿನ ಜಡ್ಜ್ ರಜೆ. ಎರಡನೇ ಸಲ ಕಬ್ಬಿಣದವರ ಕಡೆಯವರು ಕಾಲಾವಕಾಶ ಕೇಳಿದರು. ಇತ್ತ ನಾನು ಕಂಡಕಂಡವರ ಮುಂದೆ ಕೈಯೊಡ್ಡಿದೆ. ತಮ್ಮ ಕೊಟ್ಟದ್ದು ಕಾಲು ಭಾಗಕ್ಕೂ ಸಾಲಲಿಲ್ಲ. ಆಸ್ಪತ್ರೆಯ ತಾರೀಕು ಬಂತು, ಹೋಯಿತು. ಮನೆಯಲ್ಲಿ ಇವರು ಗೋಡೆ ಸವರಿಕೊಂಡು ಓಡಾಡತೊಡಗಿದರು. ಕೇಳಿದರೆ ರೇಗುತ್ತಿದ್ದರು.

ಮೂರನೇ ಸಲ ಕೋರ್ಟಿನ ಮೊಗಸಾಲೆಯ ಬೆಂಚಿನಲ್ಲಿ ಮಧ್ಯಾಹ್ನದವರೆಗೆ ಕೂತಿದ್ದೆವು. ವಕೀಲರು ಹೊರಗೆ ಬಂದರು.

"ಮುಂದಿನ ತಿಂಗಳು ಹದಿನೆಂಟಕ್ಕೆ ಹಾಕಿದ್ದಾರೆ."

ಇವರು ಮಾತು ಬಂದ ಕಡೆಗೆ ತಲೆಯಾಡಿಸಿದರು. ಆಮೇಲೆ ನನ್ನ ಕೈ ಹುಡುಕಿ ಹಿಡಿದು ಮೆಲ್ಲಗೆ ಕೇಳಿದರು.

"ಇಲ್ಲಿ ಕರೆಂಟ್ ಹೋಗಿದೆಯೇನೇ?"

ತಲೆಯ ಮೇಲೆ ಸಾಲಾಗಿ ಟ್ಯೂಬ್‌ಲೈಟುಗಳು ಉರಿಯುತ್ತಿದ್ದವು. ವಕೀಲರು ನನ್ನತ್ತ ನೋಡಿದರು.

"ಹೂಂ ರೀ," ಎಂದೆ. "ಈಗ ತಾನೇ ಹೋಯ್ತು."