ಎರಡನೆಯ ಸಾಲಿನಲ್ಲಿ ಕೂತಿದ್ದ ಸತ್ತ ಲೇಖಕ

ಟೂರಿನ್ ವಿಶ್ವವಿದ್ಯಾಲಯ ಹುಟ್ಟಿದಂದಿನಿಂದ ಒರ್ನೆಲ್ಲಾಳಷ್ಟು ನಡುಗಿದ ವಿದ್ಯಾರ್ಥಿನಿ ಇನ್ನೊಬ್ಬಳಿಲ್ಲ. ಅವಳ ಮೊಣಕಾಲಿನ ಸದ್ದಿಗೆ ಪೋ ನದಿಯ ಬಾತುಕೋಳಿಗಳೆಲ್ಲ ಹಾರಿಹೋದವು. ನಂಬದವರು ಬಾತುಕೋಳಿಗಳನ್ನೇ ಕೇಳಲಿ. ಪದವಿಗೆ ಇವತ್ತಿನ ಪ್ರಬಂಧ ಪರೀಕ್ಷೆಯೇ ಕಡೆಯ ಅವಕಾಶ. ತಪ್ಪಿದರೆ ಸೋದರತ್ತೆಯ ಲಾಂಡ್ರಿಯ ಇಸ್ತ್ರಿಪೆಟ್ಟಿಗೆಯೇ ಜನ್ಮಕ್ಕೆ ಗತಿ.

ಅವಳ ಪ್ರಬಂಧದ ವಾದ ಒಂದೇ: ಮಹಾಕಾದಂಬರಿಕಾರ ಎಝಿಯೋ ವಾಲ್ಸಾನಿಯಾ ಆಧುನಿಕೋತ್ತರ ಲೇಖಕನೇ ಅಲ್ಲ, ಕತೆಯೊಳಗೆ ಕತೆ ಹೆಣೆಯುವುದನ್ನು ಕಲಿತದ್ದು ದ್ರಾಕ್ಷಿ ಕೊಯ್ಯುವ ಹೆಂಗಸರ ಹರಟೆಯಿಂದ. ಗ್ರಹಚಾರ ನೋಡಿ, ಪರೀಕ್ಷಕರ ಅಧ್ಯಕ್ಷ ಪ್ರೊಫೆಸರ್ ಗ್ವಾಲ್ತಿಯೇರಿ. ವಾಲ್ಸಾನಿಯಾ ಆಧುನಿಕೋತ್ತರ ಎಂದು ಬರೆದು ಬರೆದೇ ಆಲ್ಪ್ಸ್ ಬೆಟ್ಟದೆತ್ತರ ಪುಸ್ತಕ ಪೇರಿಸಿದ ಮಹಾಶಯ!

ಎಲ್ಲರೆದುರೇ ನಡೆಯುವ ಪರೀಕ್ಷೆ. ಮೊದಲ ಸಾಲಿನಲ್ಲಿ ಅಮ್ಮ, ಪದವಿ ಗೆದ್ದವರಿಗೆ ತೊಡಿಸುವ ಲಾರೆಲ್ ಎಲೆಯ ಕಿರೀಟವನ್ನು ಚೀಲದೊಳಗೆ ಬಚ್ಚಿಟ್ಟುಕೊಂಡು. ಫಲಿತಾಂಶಕ್ಕೆ ಮೊದಲು ಅದು ತಲೆಗೇರಿದರೆ ಅಪಶಕುನ. ಎರಡನೆಯ ಸಾಲಿನಲ್ಲಿ, ಒರ್ನೆಲ್ಲಾ ಅತ್ತು ಕರೆದು ಎಳೆತಂದಿದ್ದ ಮುದುಕ ವಾಲ್ಸಾನಿಯಾ.

“ದ್ರಾಕ್ಷಿತೋಟದ ಕತೆ ನಿನಗ್ಯಾರು ಹೇಳಿದ್ದಮ್ಮ?” ಗ್ವಾಲ್ತಿಯೇರಿ ಕೇಳಿದ.

“ವಾಲ್ಸಾನಿಯಾ ಅವರೇ, ಪ್ರೊಫೆಸರ್.”

“ನಮ್ಮ ಸಿದ್ಧಾಂತದ ಪ್ರಕಾರ ಪುಸ್ತಕ ಮುಗಿದ ಗಳಿಗೆಗೇ ಲೇಖಕ ಸತ್ತ. ಸತ್ತವನ ಮಾತಿಗೆ ಬೆಲೆಯಿಲ್ಲ!”

ಎರಡನೆಯ ಸಾಲಿನಿಂದ ಕೆಮ್ಮು ಕೇಳಿಸಿತು. “ಹೆಣಕ್ಕೆ ಒಂಚೂರು ನೀರು ಕೊಡ್ರಪ್ಪ,” ಎಂದ ವಾಲ್ಸಾನಿಯಾ.

ನಗುವಿಗೆ ಸೂರು ಹಾರಿತು. ಗ್ವಾಲ್ತಿಯೇರಿಯ ಕಿವಿಗಳು ಟೊಮೇಟೊ ಸಾಸಿನ ಬಣ್ಣಕ್ಕೆ ತಿರುಗಿದವು.

“ಕಡೇ ಸಲ ಕೇಳ್ತೀನಿ. ಆಧುನಿಕೋತ್ತರ ಹೌದೋ, ಅಲ್ಲವೋ?”

ಒರ್ನೆಲ್ಲಾಳ ಮುಖಕ್ಕೆ ಇಸ್ತ್ರಿಯ ಹಬೆ ಹೊಡೆದಂತಾಯಿತು. ‘ಹೌದು’ ಎಂದರೆ ಮುಗಿಯಿತು, ಪದವಿ ಕೈಗೆ. ದಿಕ್ಕುಗೆಟ್ಟು ಹಿಂದಕ್ಕೆ ತಿರುಗಿ ನೋಡಿದಳು. ಮುದುಕನ ಕರುಳು ಚುರ್ರೆಂದಿತೇನೋ, ‘ಹೌದು ಅಂದುಬಿಡು’ ಎಂಬಂತೆ ತಲೆಯಾಡಿಸಿದ.

“ನೋಡಿ! ಅವರೇ ಒಪ್ಕೊಂಡ್ರು!” ಗ್ವಾಲ್ತಿಯೇರಿ ಮೇಜು ಗುದ್ದಿದ.

“ಸತ್ತವರ ಮಾತಿಗೆ ಬೆಲೆಯಿಲ್ಲ ಅಂದ್ರಿ, ತಲೆಯಾಡಿಸಿದ್ದಕ್ಕೆ ಮಾತ್ರ ಇದೆಯಾ?” ಒರ್ನೆಲ್ಲಾಳ ದನಿ ಒಡೆಯಿತು. “ಪುಸ್ತಕಾನೇ ಓದಿ. ಒಂದು ಕತೇನೂ ಆಧುನಿಕೋತ್ತರರ ಹಾಗೆ ಆಟಕ್ಕಂತ ಅರ್ಧಕ್ಕೆ ಮುರಿದಿಲ್ಲ. ಕತೆ ಮುಗಿದುಹೋದ್ರೆ ಗತಿಯೇನು ಅನ್ನೋ ಭಯಕ್ಕೆ ಮುರಿದದ್ದು. ಆ ಭಯ ನನಗೆ ಗೊತ್ತು. ಅವರು ಆಧುನಿಕೋತ್ತರ ಅಲ್ಲ.”

ಅಂಕ ನಿರ್ಧರಿಸಲು ಎಲ್ಲರನ್ನೂ ಹೊರಗಟ್ಟಿದರು. ಮೊಗಸಾಲೆಯಲ್ಲಿ ಅವಳು ಗೋಡೆಗೆ ಹಣೆ ಒತ್ತಿ ನಿಂತಳು. ಅಷ್ಟರಲ್ಲಿ ಒಂದು ಯುಗ ಕಳೆಯಿತು, ಸುಳ್ಳಲ್ಲ.

ಒಳಗೆ ಕರೆದರು. ನೂರಹತ್ತಕ್ಕೆ ಅರವತ್ತಾರು. ಒಂದೇ ಒಂದು ಕಡಿಮೆಯಾಗಿದ್ದರೂ ಇಸ್ತ್ರಿಪೆಟ್ಟಿಗೆ!

ಹೊರಬಂದದ್ದೇ ತಡ, ಅಮ್ಮ ಅಳುತ್ತಲೇ ಕಿರೀಟವನ್ನು ಮಗಳ ಕಣ್ಣು ಮುಚ್ಚುವಷ್ಟು ಕೆಳಗೆ ಒತ್ತಿದಳು.

ಇಟಲಿಯಲ್ಲಿ ಪದವಿ ಸಿಕ್ಕವರೆಲ್ಲ ಡಾಕ್ಟರೇ. ವಾಲ್ಸಾನಿಯಾ ಹತ್ತಿರ ಬಂದ. “ಅದಲ್ಲ ಅಂದ್ಮೇಲೆ ನಾನು ಯಾವ ಪಂಥದವನು, ಡಾಕ್ಟರಮ್ಮ?”

“ನಿಮ್ಮ ದಮ್ಮಯ್ಯ,” ಎಲೆಗಳ ಸಂದಿಯಿಂದ ಬಿಕ್ಕಿದಳು ಒರ್ನೆಲ್ಲಾ, “ಅದನ್ನ ಮಾತ್ರ ಕೇಳ್ಬೇಡಿ. ಮತ್ತೆ ಒಳಗೆ ಪರೀಕ್ಷೆಗೆ ಹೋಗ್ಬೇಕಾಗುತ್ತೆ.”