ಒಂಬತ್ತನೆಯ ಪುಟದ ಕೀಲು

ಕೃತಕ ಕಾಲು ಮಾಡುವ ಆಕೆಯನ್ನು ಜೊತೆಯವರೆಲ್ಲ ಯಾಕಮ್ಮ ಎಂದೇ ಕರೆಯುತ್ತಿದ್ದರು. ಏನು ಹೇಳಿದರೂ ಆಕೆಯ ಬಾಯಿಂದ ಮೊದಲು ಬರುತ್ತಿದ್ದುದು ‘ಯಾಕೆ?’ ಎಂಬ ಪ್ರಶ್ನೆ. ಮೂವತ್ತು ವರ್ಷದಿಂದ ಕಿಟಕಿ ಪಕ್ಕದ ಅದೇ ಮೇಜು, ಅದೇ ಅರ, ಸೀರೆಯ ಸೆರಗಿನವರೆಗೂ ಪ್ಲಾಸ್ಟರ್ ಪುಡಿ.

ಒಂದು ದಿನ ಆಕೆ ಕಳಿಸಿದ್ದ ಪಾರ್ಸಲ್ ಬಿಚ್ಚದೆಯೇ ವಾಪಸು ಬಂತು. ಒಳಗಿದ್ದವು ಎಂಟು ಮಂಡಿ ಕೀಲುಗಳು. ಸಮುದ್ರದಾಚೆಯ ದೇಶದಲ್ಲಿ ಆಕೆಯ ಹಳೆಯ ಶಿಷ್ಯೆಯೊಬ್ಬಳು ಇದೇ ಕೆಲಸ ಮಾಡುತ್ತಿದ್ದಳು. ‘ಅಕ್ಕಾ, ಕಾಲೇನೋ ಮಾಡ್ತೀನಿ, ಬಾಗೋ ಕೀಲು ಮಾತ್ರ ಇಲ್ಲಿ ಸಿಗ್ತಿಲ್ಲ’ ಎಂದು ಬರೆದಿದ್ದಳು. ಪಾರ್ಸಲ್ ಮೇಲೆ ಕೆಂಪು ಮುದ್ರೆ ಬಿದ್ದಿತ್ತು: ‘ಆರ್ಥಿಕ ನಿರ್ಬಂಧ. ನಿಷೇಧಿತ ವಸ್ತು.’

ಯಾಕಮ್ಮನಿಗೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಯಿತು. ಆಕೆಯ ತಮ್ಮ ಸಂಸತ್ತಿನ ಕಚೇರಿಯಲ್ಲಿ ಟೈಪಿಸ್ಟ್. ಆ ನಿರ್ಬಂಧವನ್ನು ವರ್ಷ ವರ್ಷ ಮುಂದುವರಿಸುವ ಆದೇಶ ತಯಾರಾಗುತ್ತಿದ್ದುದು ಅವನ ಕೈಯಲ್ಲೇ. ಭಾನುವಾರ ಊಟಕ್ಕೆ ಬಂದವನನ್ನು ಆಕೆ ಹಿಡಿದು ಕೂರಿಸಿದಳು.

“ಆ ದೇಶದ ಮೇಲೆ ನಿರ್ಬಂಧ ಹಾಕಿದ್ದು ಯಾಕೋ?”

“ನನಗೇನಕ್ಕಾ ಗೊತ್ತು? ಹೋದ ವರ್ಷದ ಕಾಗದ ತೆಗೀತೀನಿ, ಇಸವಿ ಬದಲಾಯಿಸ್ತೀನಿ. ಸಮಿತಿಯವರು ಚಹಾ ಮುಗಿಸೋದ್ರೊಳಗೆ ಪಾಸಾಗುತ್ತೆ.”

“ಯಾರೂ ಓದಲ್ವಾ?”

“ಇಪ್ಪತ್ತೆರಡು ವರ್ಷದ ಹಳೇ ಕಾಗದ. ಓದೋಕೇನಿದೆ ಅದರಲ್ಲಿ?”

ಆದರೂ ಮರುದಿನ ಅವನು ಅಕ್ಕನಿಗೆ ಒಂದು ಪ್ರತಿ ತಂದುಕೊಟ್ಟ. ಒಂಬತ್ತನೆಯ ಪುಟದಲ್ಲಿ ‘ಭಾರ ಹೊರುವ, ಬಾಗುವ ಲೋಹದ ಕೀಲುಗಳು’ ಎಂದಿತ್ತು. ಮೊದಲ ಪುಟದಲ್ಲಿ ಕಾರಣವೂ ಇತ್ತು: ‘ಸೆರೆಹಿಡಿದಿರುವ ನಮ್ಮ ಏಳು ನಾವಿಕರನ್ನು ಬಿಡುಗಡೆ ಮಾಡುವವರೆಗೆ.’

ಆ ಏಳು ಜನ ಏನಾದರು? ಯಾಕಮ್ಮ ಎರಡು ಸಂಜೆ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳ ಧೂಳು ಕುಡಿದಳು. ಹದಿನಾಲ್ಕು ತಿಂಗಳಿಗೇ ಎಲ್ಲರೂ ಮನೆಗೆ ಬಂದಿದ್ದರು! ಅವರಲ್ಲೊಬ್ಬ ಇದೇ ಊರಿನ ರೈಲು ನಿಲ್ದಾಣದ ಹಿಂದೆ ಕ್ಷೌರದಂಗಡಿ ಇಟ್ಟುಕೊಂಡಿದ್ದಾನೆಂದು ತಿಳಿದಾಗ, ಆಕೆ ಚಪ್ಪಲಿ ಮೆಟ್ಟಿ ನೇರ ಅಲ್ಲಿಗೇ ಹೋದಳು.

ನಾವಿಕನಾಗಿದ್ದವನು ಯಾರದೋ ಗಡ್ಡಕ್ಕೆ ನೊರೆ ಹಚ್ಚುತ್ತಿದ್ದ. ಕಾಗದ ಓದಿ, ಕೈಯಲ್ಲಿದ್ದ ಬ್ರಷ್ ಕೆಳಗಿಟ್ಟ.

“ಅಮ್ಮಾ, ನಾನಿನ್ನೂ ಜೈಲಲ್ಲೇ ಇದೀನಾ?”

“ಕಾಗದದ ಲೆಕ್ಕದಲ್ಲಿ ಹೌದಪ್ಪಾ. ನಿಮ್ಮನ್ನು ಹಿಡಿದವರ ಮೇಲೆ ನಿಮಗೆ ಸಿಟ್ಟಿಲ್ವಾ?”

“ಇಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ನಾನು ಜ್ವರದಲ್ಲಿ ಮಲಗಿದ್ದಾಗ ಗಂಜಿ ಕುಡಿಸಿದ ಮುದುಕಿಯೂ ಅದೇ ದೇಶದವಳೇ. ಈಗ ಕಾಲಿಲ್ಲದೆ ಕೂತಿರೋದು ಅಂಥವರೇ ಅಲ್ವಾ?”

ನವೀಕರಣಕ್ಕೆ ಮುಂಚೆ ಸಾರ್ವಜನಿಕರು ಸಮಿತಿಯ ಮುಂದೆ ಆಕ್ಷೇಪ ಹೇಳಬಹುದು ಎಂಬ ನಿಯಮವಿತ್ತು. ಇಷ್ಟು ವರ್ಷ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಈ ಸಲ ಇಬ್ಬರು ಬಂದು ಕುಳಿತಿದ್ದನ್ನು ಕಂಡು ಹನ್ನೊಂದು ಮಂದಿ ಸದಸ್ಯರೂ ಕತ್ತು ಚಾಚಿ ನೋಡಿದರು. ಯಾಕಮ್ಮ ಒಂದು ಕೀಲನ್ನು ಮೇಜಿನ ಮೇಲಿಟ್ಟಳು. ಬೋಳುತಲೆಯ ಅಧ್ಯಕ್ಷರು ಅದನ್ನೆತ್ತಿಕೊಂಡು ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು.

“ಇದರಿಂದ ಆಯುಧ ಮಾಡಬಹುದೇನಮ್ಮಾ?”

“ಹಟ ಹಿಡಿದರೆ ನೀವು ಕೂತಿರೋ ಕುರ್ಚಿಯಿಂದಲೂ ಮಾಡಬಹುದು ಸ್ವಾಮಿ.”

ಕೆಲವರು ನಕ್ಕರು. ಕನ್ನಡಕದ ಸದಸ್ಯರೊಬ್ಬರು ಮಾತ್ರ ನಗಲಿಲ್ಲ. “ಆ ಸರ್ಕಾರ ಒಳ್ಳೆಯದು ಅಂತೀರಾ?”

“ಇಲ್ಲಪ್ಪ. ಆದ್ರೆ ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತಲ್ಲ ಇದು! ಇಪ್ಪತ್ತೆರಡು ವರ್ಷದಲ್ಲಿ ಅಲ್ಲಿನ ಯಾವ ಮಂತ್ರಿ ಕುಂಟಿದ್ದಾನೆ, ಹೇಳಿ.”

ಆಗ ಕ್ಷೌರಿಕ ಎದ್ದು ನಿಂತ. “ಬಿಡುಗಡೆ ಆಗದ ಏಳು ಜನರಲ್ಲಿ ನಾನೊಬ್ಬ” ಎಂದ. ಅಧ್ಯಕ್ಷರು ಮೊದಲ ಪುಟವನ್ನು ಗಟ್ಟಿಯಾಗಿ ಓದಿಸಿದರು, ಬಹುಶಃ ತಾವೂ ಮೊದಲ ಸಲ ಕೇಳಿಸಿಕೊಂಡರು.

ಆ ವರ್ಷ ಮೊದಲ ಬಾರಿಗೆ ಕೈ ಎತ್ತಿಸಿ ಮತ ಎಣಿಸಿದರು. ಮುಂದುವರಿಸಬೇಕು ಎಂದವರು ಆರು, ಬೇಡವೆಂದವರು ಐದು. ನಿರ್ಬಂಧ ಉಳಿಯಿತು. ಆದರೆ ಒಂಬತ್ತನೆಯ ಪುಟದ ಸಾಲು ಹೊಡೆದುಹಾಕಲಾಯಿತು. ಪಟ್ಟಿಯ ಪ್ರತಿಯೊಂದು ವಸ್ತುವಿಗೂ ಮುಂದಿನ ವರ್ಷ ಹೊಸದಾಗಿ ಕಾರಣ ಬರೆಯಬೇಕೆಂದೂ ತೀರ್ಮಾನವಾಯಿತು. ಮುಂದುವರಿಸಬೇಕೆಂದು ಎತ್ತಿದ್ದ ಕೈ ಇಳಿಸಿ, ಆಮೇಲೆ ಬೇಡವೆಂದು ಎತ್ತಿದವರು ಅಧ್ಯಕ್ಷರೇ.

ಮೆಟ್ಟಿಲಿಳಿಯುವಾಗ ಯಾಕಮ್ಮನ ಮುಖ ಬಾಡಿತ್ತು. “ಸೋತ್ವಲ್ಲಪ್ಪಾ” ಎಂದಳು.

“ಒಂದೇ ಒಂದು ಕೈ ಕಮ್ಮಿ ಅಮ್ಮಾ. ವರ್ಷ ಇದೆಯಲ್ಲ” ಎಂದ ಕ್ಷೌರಿಕ. “ಉಳಿದ ಆರು ಜನರನ್ನೂ ಹುಡುಕೋಣ.”

ಪಾರ್ಸಲ್ ಮರುದಿನವೇ ಹೊರಟಿತು. ಏಳು ವಾರದ ಮೇಲೆ ಶಿಷ್ಯೆಯ ಪತ್ರ ಬಂತು. ಮೊದಲ ಕೀಲನ್ನು ಬಸ್ ಕಂಡಕ್ಟರ್ ಹೆಂಗಸೊಬ್ಬಳಿಗೆ ಕೂರಿಸಿದ್ದಳಂತೆ. ಆಕೆ ಎದ್ದು ನಿಂತವಳೇ ಗೋಡೆ ಬಿಟ್ಟು ಬಾಗಿಲತನಕ ನಡೆದು, ಹೊರಗೆ ಹೋಗಿ, ಅರ್ಧ ಗಂಟೆ ವಾಪಸು ಬರಲೇ ಇಲ್ಲವಂತೆ.